ತಾರಸಿಯ ಮೊದಲ ಇಂಚು

ಏಪ್ರಿಲ್ ಬಂತೆಂದರೆ ಧಾರವಾಡದ ನನ್ನ ಕಚೇರಿಗೆ ಬರುವವರ ಕೇಳಿಕೆ ಹೆಚ್ಚಾಗಿ ಒಂದೇ: ತಾರಸಿಗೆ ಆದಷ್ಟು ದಪ್ಪನೆಯ ಉಷ್ಣರೋಧಕ ಹಾಕಿಸಿಕೊಡಿ, ಪರಿಸರಕ್ಕೂ ಒಳ್ಳೆಯದಲ್ಲವೇ. ಹುಬ್ಬಳ್ಳಿಯ ನವನಗರದಲ್ಲಿ ಮನೆ ಕಟ್ಟಿಸುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಇಂಚೇ ಬೇಕೆಂದು ಪಟ್ಟು ಹಿಡಿದಿದ್ದರು. "ಒಂದ ಇಂಚಿಗೆ ಇಷ್ಟ ತಂಪಾದ್ರ, ನಾಕ ಇಂಚಿಗೆ ನಾಕ ಪಟ್ಟ ತಂಪ ಆಗಬೇಕಲ್ರಿ ಸರ್?"

ಆಗುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬದಿರುವುದರಿಂದ ಲೆಕ್ಕವನ್ನೇ ಬರೆಯುತ್ತೇನೆ. ಆರು ಇಂಚಿನ ಬರಿಯ ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಮತ್ತು ಕೆಳಗೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 3.3 ವ್ಯಾಟ್ ಶಾಖ ಒಳಗಿಳಿಯುತ್ತದೆ. ಒಂದು ಇಂಚಿನ ಎಕ್ಸ್‌ಪಿಎಸ್ ಹಲಗೆ (ಅನಿಲದಿಂದ ಉಬ್ಬಿಸಿದ ಗಟ್ಟಿ ಪ್ಲಾಸ್ಟಿಕ್ ಫೋಮು) ಹಾಸಿದರೆ ಅದು 0.9ಕ್ಕೆ, ಎರಡು ಇಂಚಿಗೆ 0.5ಕ್ಕೆ, ನಾಲ್ಕು ಇಂಚಿಗೆ 0.3ರ ಆಸುಪಾಸಿಗೆ ಬರುತ್ತದೆ. ಹಲಗೆಯ ಗುಣಮಟ್ಟದಂತೆ ಅಂಕಿಗಳು ತುಸು ಬದಲಾಗಬಹುದು. ಆದರೆ ಶಾಖದ ಮುಕ್ಕಾಲು ಪಾಲನ್ನು ತಡೆಯುವುದು ಮೊದಲ ಇಂಚು ಮಾತ್ರ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಂಧನ ಉಳಿತಾಯದ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತೆ ಛಾವಣಿಗೆ ವಿಧಿಸಿರುವ 1.2ರ ಮಿತಿಯೂ ಅಷ್ಟರಲ್ಲೇ ದಕ್ಕುತ್ತದೆ.

ಪರಿಸರದ ಮೇಲೆ ಬೀಳುವ ಹೊರೆಯಾದರೋ ಹೀಗೆ ಇಳಿಯುತ್ತಾ ಹೋಗುವುದಿಲ್ಲ. ಹಲಗೆಯನ್ನು ತಯಾರಿಸಲು ಬೇಕಾದ ಪೆಟ್ರೋಲಿಯಂ ಕಚ್ಚಾವಸ್ತು, ಕಾರ್ಖಾನೆಯ ವಿದ್ಯುತ್ತು, ಲಾರಿಯ ಡೀಸೆಲ್, ಮುಂದೊಂದು ದಿನ ಮನೆ ಕೆಡವಿದಾಗ ಉಳಿಯುವ ಕಸ, ಇವೆಲ್ಲ ನಾಲ್ಕನೆಯ ಇಂಚಿಗೂ ಮೊದಲನೆಯದರಷ್ಟೇ ತಗಲುತ್ತವೆ. ಕೆಲವು ಎಕ್ಸ್‌ಪಿಎಸ್ ಹಲಗೆಗಳನ್ನು ಉಬ್ಬಿಸಲು ಬಳಸುವ ಎಚ್‌ಎಫ್‌ಸಿ-134ಎ ಅನಿಲವಂತೂ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡಬಲ್ಲದು. ಆದ್ದರಿಂದ ಯಾವ ಅನಿಲದಿಂದ ಉಬ್ಬಿಸಿದ್ದೆಂದು ಮಾರಾಟಗಾರರನ್ನು ಕೇಳದೆ ನಾನು ಹಲಗೆ ಬರೆದುಕೊಡುವುದಿಲ್ಲ. ಸಾಮಾನ್ಯ ಥರ್ಮೋಕೋಲಿಗೆ ಪೆಂಟೇನ್ ಬಳಸುವುದರಿಂದ ಈ ದೋಷ ಅದಕ್ಕಿಲ್ಲ, ಆದರೆ ಅದು ನೀರನ್ನು ಹೆಚ್ಚು ಹೀರುತ್ತದೆ.

ಈ ಹೊರೆ ತೀರುವುದು ಉಳಿತಾಯವಾದ ವಿದ್ಯುತ್ತಿನಿಂದ. ಹಗಲಿಡೀ ಎ.ಸಿ. ಓಡುವ ಮನೆಯಲ್ಲಿ ಬೇಗ ತೀರುತ್ತದೆ. ರಾತ್ರಿ ಕಿಟಕಿ ತೆರೆದು ಫ್ಯಾನಿನಡಿ ಮಲಗುವ ನಮ್ಮ ಊರಿನ ಬಹುಪಾಲು ಮನೆಗಳಲ್ಲಿ ಮೀಟರಿನಲ್ಲಿ ಕಾಣುವಷ್ಟು ಉಳಿತಾಯವೇ ಇರುವುದಿಲ್ಲ. ಅಲ್ಲಿ ದಕ್ಕುವುದು ಮೇ ತಿಂಗಳ ಮಧ್ಯಾಹ್ನದ ನೆಮ್ಮದಿ, ಮತ್ತು ಎ.ಸಿ. ಕೊಳ್ಳುವ ಯೋಚನೆ ಮುಂದೆ ಹೋಗುವುದು. ಅದು ಸಣ್ಣ ಲಾಭವಲ್ಲ; ಆದರೆ ಅದಕ್ಕೆ ನಾಲ್ಕು ಇಂಚು ಬೇಕಾಗಿಲ್ಲ.

ಶಿಕ್ಷಕಿಯವರು ಹುಟ್ಟಿ ಬೆಳೆದದ್ದು ಗದಗ ಸೀಮೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮಿರಗದ ಮಳೆಗೆ ಮೊದಲು ಅವರ ತಂದೆ ಪ್ರತಿವರ್ಷ ಮಾಳಿಗೆ ಹತ್ತಿ, ಮಣ್ಣು ಹಾಕಿ ಬಿರುಕು ಮುಚ್ಚುತ್ತಿದ್ದುದನ್ನು ಅವರೇ ನೆನಪಿಸಿಕೊಂಡಾಗ ನನ್ನ ಕೆಲಸ ಹಗುರವಾಯಿತು. ಹಲಗೆಗೂ ಆ ಆರೈಕೆ ಬೇಕು. ನೀರು ಇಳಿದು ಹತ್ತು ವರ್ಷದಲ್ಲಿ ಕಿತ್ತೆಸೆಯಬೇಕಾಗಿ ಬಂದರೆ ಅದರ ಹೊರೆಯನ್ನು ಎರಡು ಸಲ ಹೊತ್ತಂತೆ. ಎರಡು ಇಂಚಿಗೆ ಒಪ್ಪಿಸಿದೆ. ಹಲಗೆಗಳ ನಡುವಿನ ಸಂದುಗಳಲ್ಲಿ ನುಸುಳುವ ಶಾಖವನ್ನೂ ಲೆಕ್ಕಕ್ಕೆ ಹಿಡಿದರೆ ಅದು ಸಾಕು. ಉಳಿದ ಹಣ ಹಲಗೆಯ ಕೆಳಗಿನ ವಾಟರ್‌ಪ್ರೂಫಿಂಗಿಗೆ, ಪಶ್ಚಿಮದ ಕಿಟಕಿಗಳ ಸಜ್ಜಾಕ್ಕೆ ಹೋಯಿತು. ಮಿರಗಕ್ಕೆ ಮುಂಚೆ ತಾರಸಿ ಹತ್ತಿ ನೀರು ಹೋಗುವ ಪೈಪಿನ ಬಾಯಿಯಲ್ಲಿ ಕಸ ಕಟ್ಟಿದೆಯೇ ಎಂದು ನೋಡುವ ಕೆಲಸವನ್ನು ಅವರು ತಾವೇ ವಹಿಸಿಕೊಂಡರು.