ದೊಡ್ಡ ಡಿಗ್ರಿಯಿಂದ ಆರಂಭಿಸಿದರೆ ಸಾಲದೇ?

ಪ್ರಶ್ನೆ: ನನ್ನ ಗ್ರಾಫ್ (ಶೃಂಗಗಳೆಂಬ ಬಿಂದುಗಳು, ಅವನ್ನು ಜೋಡಿಸುವ ಅಂಚುಗಳು) ಕಾರ್ಡಲ್ ಎಂದು ಖಚಿತವಾಗಿದೆ, ಅಂದರೆ ನಾಲ್ಕು ಅಥವಾ ಹೆಚ್ಚು ಶೃಂಗಗಳ ಪ್ರತಿ ಚಕ್ರದಲ್ಲೂ ಪಕ್ಕಪಕ್ಕದಲ್ಲಿಲ್ಲದ ಎರಡು ಶೃಂಗಗಳನ್ನು ಜೋಡಿಸುವ ಅಂಚೊಂದು ಇದೆ. ಅಂಚಿನಿಂದ ಜೋಡಿಸಿದ ನೆರೆಯ ಶೃಂಗಗಳಿಗೆ ಒಂದೇ ಬಣ್ಣ ಬರಬಾರದು. ಶೃಂಗಗಳನ್ನು ಡಿಗ್ರಿಯ (ನೆರೆಯವರ ಸಂಖ್ಯೆಯ) ಇಳಿಕೆ ಕ್ರಮದಲ್ಲಿಟ್ಟು ಗ್ರೀಡಿಯಾಗಿ, ಅಂದರೆ ಪ್ರತಿಯೊಂದಕ್ಕೂ ನೆರೆಯವರಲ್ಲಿಲ್ಲದ ಅತಿ ಚಿಕ್ಕ ಸಂಖ್ಯೆಯ ಬಣ್ಣವನ್ನು ಹಚ್ಚುತ್ತಾ ಹೋದರೆ ಕನಿಷ್ಠ ಬಣ್ಣಗಳಲ್ಲೇ ಮುಗಿಯುತ್ತದೆ, ಅಲ್ಲವೇ?

ಇಲ್ಲ. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಹೆಚ್ಚು ನೆರೆಹೊರೆ ಇರುವ ಶೃಂಗವೇ ತಂಟೆಕೋರ, ಅದನ್ನು ಮೊದಲು ವಿಚಾರಿಸಿಕೊಂಡರೆ ಉಳಿದವು ತಾವಾಗಿಯೇ ದಾರಿಗೆ ಬರುತ್ತವೆ ಎಂಬ ನಂಬಿಕೆ ಅದರ ಬೇರು. ಕಾಗದ ತೆಗೆದುಕೊಳ್ಳಿ. ಕ–ಖ–ಗ–ಘ ಎಂದು ನಾಲ್ಕು ಶೃಂಗಗಳ ಒಂದು ಹಾದಿ ಬರೆಯಿರಿ. ಕ ಮತ್ತು ಘ ಎರಡಕ್ಕೂ ಎರಡೆರಡು ಎಲೆಗಳನ್ನು (ಒಂದೇ ಅಂಚಿನ ಶೃಂಗಗಳನ್ನು) ಅಂಟಿಸಿ. ಒಟ್ಟು 8 ಶೃಂಗಗಳ ಮರ ಇದು. ಚಕ್ರವೇ ಇಲ್ಲದ್ದರಿಂದ ಕಾರ್ಡಲ್ ಆಗಿಯೇ ಇದೆ, 2 ಬಣ್ಣ ಧಾರಾಳವಾಗಿ ಸಾಕು. ಈಗ ನಿಮ್ಮ ವಿಧಾನ: ಡಿಗ್ರಿ 3 ಇರುವ ಕ, ಘ ಮೊದಲು. ಅವು ನೆರೆಯವಲ್ಲ, ಹಾಗಾಗಿ ಎರಡಕ್ಕೂ ಬಣ್ಣ 1. ಖಗೆ 2. ಗ ಶೃಂಗದ ಒಂದು ಪಕ್ಕದಲ್ಲಿ 2, ಇನ್ನೊಂದು ಪಕ್ಕದಲ್ಲಿ 1. ಮೂರನೆಯ ಬಣ್ಣ ಬೇಕೇ ಬೇಕು! ಒಂದು ಮರದಲ್ಲೇ ಎಡವುವ ವಿಧಾನವನ್ನು ಇನ್ನೆಲ್ಲಿ ನಂಬುವುದು? ಸಮ ಡಿಗ್ರಿಗಳ ನಡುವೆ ಯಾವುದನ್ನು ಮೊದಲು ಆರಿಸಿದರೂ ಇಲ್ಲಿ ಫಲಿತಾಂಶ ಬದಲಾಗದು, ಅದನ್ನೂ ಕೇಳುವವರಿದ್ದಾರೆ.

ಎಣಿಸಬೇಕಾದದ್ದು ಒಟ್ಟು ನೆರೆಯವರನ್ನಲ್ಲ, ಈಗಾಗಲೇ ಬಣ್ಣ ಪಡೆದ ನೆರೆಯವರನ್ನು. ಎಲ್ಲಿಂದಲಾದರೂ ಆರಂಭಿಸಿ, ಪ್ರತಿ ಸಲವೂ ಅಂಥವರು ಅತಿ ಹೆಚ್ಚಿರುವ ಶೃಂಗವನ್ನು ಆರಿಸಿ. ಟಾರ್ಜನ್ ಮತ್ತು ಯನ್ನಕಾಕಿಸ್ 1984ರಲ್ಲಿ ಪ್ರಕಟಿಸಿದ ಕ್ರಮ ಇದು. ಗ್ರಾಫ್ ಕಾರ್ಡಲ್ ಆಗಿದ್ದರೆ, ಹೊಸ ಶೃಂಗಕ್ಕೆ ಬಣ್ಣ ಹಚ್ಚುವಾಗ ಅದರ ಬಣ್ಣ ಪಡೆದ ನೆರೆಯವರೆಲ್ಲ ಪರಸ್ಪರ ಜೋಡಿಸಿಕೊಂಡಿರುತ್ತಾರೆ, ಅಂದರೆ ಒಂದು ಕ್ಲಿಕ್. ಅತಿ ದೊಡ್ಡ ಕ್ಲಿಕ್ಕಿನ ಗಾತ್ರ 5 ಎನ್ನಿ. ಹೊಸ ಶೃಂಗವೂ ಆ ಕ್ಲಿಕ್ಕಿಗೆ ಸೇರುವುದರಿಂದ ಅಂಥ ನೆರೆಯವರು 4ನ್ನು ಮೀರಲಾರರು. ಐದು ಬಣ್ಣಗಳಲ್ಲಿ ಒಂದಾದರೂ ಸದಾ ಖಾಲಿ. ಐದಕ್ಕಿಂತ ಕಡಿಮೆ ಹೇಗೂ ಆಗದು. ಸಮಯವೋ, ಶೃಂಗ ಮತ್ತು ಅಂಚುಗಳ ಒಟ್ಟು ಸಂಖ್ಯೆಗೆ ಅನುಪಾತದಲ್ಲಿ ಮಾತ್ರ.

ಹಾಗಾದರೆ ಯಾವ ಕ್ರಮದಲ್ಲಿ ಹಚ್ಚಿದರೂ ಗ್ರೀಡಿ ಗೆಲ್ಲುವ ವರ್ಗವೊಂದು ಇದೆಯೇ? ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಇದೆ: ಕೋಗ್ರಾಫ್‌ಗಳು. ನಾಲ್ಕು ಶೃಂಗಗಳನ್ನು ಆಯ್ದು, ಅವುಗಳ ನಡುವಿನ ಎಲ್ಲ ಅಂಚುಗಳನ್ನೂ ಉಳಿಸಿಕೊಂಡು ನೋಡಿದಾಗ ಬರಿಯ ಹಾದಿಯಷ್ಟೇ ಎಂದೂ ಸಿಗದ ಗ್ರಾಫ್‌ಗಳು ಅವು. ಮೇಲಿನ ಕ–ಖ–ಗ–ಘ ಹಾದಿಯೇ ಅಲ್ಲಿ ನಿಷಿದ್ಧ. ಆದರೆ ಕಾರ್ಡಲ್ ಆಗಿರುವುದಕ್ಕೂ ಕೋಗ್ರಾಫ್ ಆಗಿರುವುದಕ್ಕೂ ಸಂಬಂಧವಿಲ್ಲ: 4 ಶೃಂಗಗಳ ಚಕ್ರ ಕೋಗ್ರಾಫ್, ಕಾರ್ಡಲ್ ಅಲ್ಲ, ನಮ್ಮ ಮರ ಕಾರ್ಡಲ್, ಕೋಗ್ರಾಫ್ ಅಲ್ಲ.