ಪದ ಪರಿಚಯ: ಪ್ರೊಟೆಕ್ಟಿವ್ ಬಫರಿಂಗ್

ಹೆಂಡತಿಯ ಬಯಾಪ್ಸಿ ವರದಿ ಬಂದ ದಿನ ಗಂಡ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾನೆ. ಮುಖ ತೊಳೆದು ಹೊರಬಂದು, “ಎಲ್ಲ ಸರಿಹೋಗುತ್ತದೆ” ಎನ್ನುತ್ತಾನೆ. ಅವಳಿಗೂ ರಾತ್ರಿಯಿಡೀ ನಿದ್ದೆಯಿಲ್ಲ. ಆದರೂ ಅವನು ಮಗ್ಗುಲು ಬದಲಿಸಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಸಂಗಾತಿ ನೊಂದುಕೊಳ್ಳಬಾರದೆಂದು ತನ್ನ ಭಯವನ್ನು ಅಡಗಿಸಿಕೊಳ್ಳುವುದು, ಮಾತು ಆ ಕಡೆ ಹೊರಳಿದರೆ ಬೇರೆಡೆಗೆ ತಿರುಗಿಸುವುದು, ಮನಸ್ತಾಪ ಬೇಡವೆಂದು ಎಲ್ಲಕ್ಕೂ ಹೂಂಗುಟ್ಟುವುದು: ಇದಕ್ಕೆ ಮನೋವಿಜ್ಞಾನದಲ್ಲಿ ‘ಪ್ರೊಟೆಕ್ಟಿವ್ ಬಫರಿಂಗ್’ ಎಂದು ಹೆಸರು. ಕನ್ನಡದಲ್ಲಿ ‘ಕಾಪಾಡುವ ಮುಚ್ಚುಮರೆ’ ಎನ್ನಬಹುದೇನೋ. ಮುಚ್ಚುಮರೆ ಎಂದಾಗ ಕೇಳಿಸುವ ಕಪಟದ ಧ್ವನಿ ಮಾತ್ರ ಇಲ್ಲಿಲ್ಲ. ಇದು ಪ್ರೀತಿಯಿಂದಲೇ ಹುಟ್ಟುವುದು.

ಸಂಶೋಧಕರಾದ ಜೇಮ್ಸ್ ಕೋಯ್ನ್ ಮತ್ತು ಡೇವಿಡ್ ಸ್ಮಿತ್ 1991ರಲ್ಲಿ ಹೃದಯಾಘಾತವಾದ ಗಂಡಂದಿರು ಮತ್ತು ಅವರ ಹೆಂಡತಿಯರ ಕುರಿತ ಅಧ್ಯಯನದಲ್ಲಿ ಈ ಪದವನ್ನು ಬಳಸಿದರು. ಬಳಿಕ ಕ್ಯಾನ್ಸರ್ ಎದುರಿಸುವ ದಂಪತಿಗಳ ಅಧ್ಯಯನಗಳಿಗೂ ಅದು ಬಂತು. ಹೆಚ್ಚು ಮುಚ್ಚಿಡುವವರಲ್ಲಿ ಮನಸ್ಸಿನ ಸಂಕಟವೂ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಸಂಕಟ ಹೆಚ್ಚಿದ್ದವರೇ ಹೆಚ್ಚು ಮುಚ್ಚಿಡುತ್ತಿರಲೂಬಹುದು. ಹಾಗಾಗಿ ಮುಚ್ಚಿಟ್ಟವರನ್ನು ದೂರುವುದಕ್ಕೆ ಈ ಪದವನ್ನು ಬಳಸುವುದು ಅನ್ಯಾಯ.

ನನ್ನನ್ನು ಹೆಚ್ಚು ಕಾಡುವುದು ಅದರ ಇನ್ನೊಂದು ಮುಖ. ವರ್ಷಗಟ್ಟಲೆ ಜೊತೆಗಿದ್ದವರಿಗೆ ಮುಖದ ಬದಲಾವಣೆ ಗೊತ್ತಾಗದೇ ಇರುತ್ತದೆಯೇ? ಏನೋ ಮರೆಯಾಗುತ್ತಿದೆ ಎಂದು ತಿಳಿಯುತ್ತದೆ, ಏನೆಂದು ಮಾತ್ರ ತಿಳಿಯುವುದಿಲ್ಲ. ಆಗ ಪ್ರೀತಿಯ ಮೌನವೇ ಬೇಸರವೆಂದೋ ಉದಾಸೀನವೆಂದೋ ಕಾಣತೊಡಗುತ್ತದೆ. ಒಂದೇ ಭಯವನ್ನು ಇಬ್ಬರೂ ಬೇರೆ ಬೇರೆಯಾಗಿ, ಒಂಟಿಯಾಗಿ ಹೊರುತ್ತಾರೆ.

ದಿನವಿಡೀ ಕಾಯಿಲೆಯ ಮಾತೇ ಆಡಬೇಕೆಂದಲ್ಲ. “ಇವತ್ತು ಆ ವಿಷಯ ಬೇಡ” ಎಂದು ಇಬ್ಬರೂ ಒಪ್ಪಿ ಬಿಡುವು ಪಡೆಯುವುದು ಮುಚ್ಚುಮರೆಯಲ್ಲ, ವಿಶ್ರಾಂತಿ. ಆದರೆ ಮೈಯ ತೊಂದರೆಯನ್ನು ಮುಚ್ಚಿಡುವುದು ಅಪಾಯ. ಕೀಮೋಥೆರಪಿಯ ದಿನಗಳಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕಡಿಮೆಯಾಗುವುದರಿಂದ 38 ಡಿಗ್ರಿ ಸೆಲ್ಸಿಯಸ್ ಜ್ವರವೂ ತುರ್ತು ಸಂಗತಿ. ಮನೆಯವರಿಗೆ ಗಾಬರಿಯಾದೀತೆಂದು ಬೆಳಗಿನವರೆಗೆ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಮುಚ್ಚಿಟ್ಟದ್ದನ್ನು ತೆರೆಯಲು ದೊಡ್ಡ ಮಾತುಗಳೇನೂ ಬೇಕಿಲ್ಲ. “ನನಗೂ ಹೆದರಿಕೆಯಾಗಿದೆ” ಎಂದರೆ ಸಾಕು. ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚು ಕಷ್ಟ. “ಹಾಗೆಲ್ಲ ಯೋಚಿಸಬೇಡ” ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ, ಅದನ್ನು ತಡೆದುಕೊಂಡು, “ಯಾವುದಕ್ಕೆ ಹೆಚ್ಚು ಹೆದರಿಕೆ?” ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕೂರಬೇಕು.