ಅವರ ಚರ್ಚಿನಲ್ಲಿ ಕುಳಿತು ಪ್ರಾರ್ಥಿಸಿದರೆ ನಮ್ಮ ವಿಶ್ವಾಸ ಬಿಟ್ಟಂತೆಯೇ?

ಪ್ರಶ್ನೆ: ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟಂಟ್ ಸಭೆಯವರು. ಜನವರಿಯ ಕ್ರೈಸ್ತ ಐಕ್ಯ ಪ್ರಾರ್ಥನೆಗೆ ಈ ಬಾರಿ ಕಥೋಲಿಕರ ಚರ್ಚಿಗೆ ಹೋಗೋಣ ಎಂದು ಸಭಾಪಾಲಕರು ಹೇಳಿದ್ದಾರೆ. ‘ಇಂದು ಪ್ರಾರ್ಥನೆ ಎನ್ನುತ್ತಾರೆ, ನಾಳೆ ಎಲ್ಲರನ್ನೂ ಸೇರಿಸಿ ಒಂದೇ ಚರ್ಚು ಮಾಡುತ್ತಾರೆ’ ಎಂದು ನಮ್ಮ ಮನೆಯ ಹಿರಿಯರು ತಡೆಯುತ್ತಿದ್ದಾರೆ. ದೇವರಿಗೆ ಕೃತಜ್ಞತೆ ಸಲ್ಲಿಸಲು ನಮ್ಮ ಸಭೆ ಸಾಲದೇ?
– ಸಕಲೇಶಪುರದ ಓದುಗರು

ಉತ್ತರ: ಹೋಗಿ. ಹಿರಿಯರನ್ನೂ ಕರೆದುಕೊಂಡು ಹೋಗಿ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಹಾಸನದಲ್ಲಿ ಆರಾಧನೆ ಮುಗಿಸಿ ಹೊರಬರುವಾಗ ಕೇಳಿದ್ದಾರೆ, ಮೂಡಿಗೆರೆಯಿಂದ ಪತ್ರ ಬರೆದು ಕೇಳಿದ್ದಾರೆ, ಚಿಕ್ಕಮಗಳೂರಿನಲ್ಲಿ ಮದುವೆಯ ಊಟಕ್ಕೆ ಕುಳಿತಾಗಲೂ ಕೇಳಿದ್ದಾರೆ. ಕಥೋಲಿಕರು ಕೇಳುವಾಗ ಇದೇ ಭಯ ತಿರುವುಮುರುವಾಗಿರುತ್ತದೆ: ‘ಅವರೊಡನೆ ಕುಳಿತರೆ ನಮ್ಮ ಮಕ್ಕಳು ಜಪಮಾಲೆ ಬಿಟ್ಟುಬಿಡುತ್ತಾರೆ.’ ಇಬ್ಬರೂ ಒಂದೇ ತಪ್ಪು ತಿಳಿವಳಿಕೆಯನ್ನು ಎರಡು ತುದಿಗಳಿಂದ ಹಿಡಿದುಕೊಂಡಿದ್ದಾರೆ. ಐಕ್ಯ ಎಂದರೆ ವಿಲೀನ, ದೊಡ್ಡದು ಚಿಕ್ಕದನ್ನು ನುಂಗುವುದು ಎಂಬುದೇ ಆ ತಿಳಿವಳಿಕೆ. ಈ ಸಲ ಅದನ್ನು ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಹಿರಿಯರ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದನ್ನು ಮೊದಲು ಒಪ್ಪಬೇಕು. 1908ರಲ್ಲಿ ಅಮೆರಿಕದಲ್ಲಿ ಪಾಲ್ ವಾಟ್ಸನ್ ಎಂಬ ಆಂಗ್ಲಿಕನ್ ಪಾದ್ರಿ ಜನವರಿ 18ರಿಂದ 25ರವರೆಗಿನ ಎಂಟು ದಿನಗಳ ಪ್ರಾರ್ಥನೆಯನ್ನು ಆರಂಭಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಎಲ್ಲರೂ ರೋಮಿಗೆ, ಅಂದರೆ ಪೋಪರ ಕಥೋಲಿಕ ಸಭೆಗೆ, ಮರಳಬೇಕು ಎಂಬುದೇ. ಮರುವರ್ಷ ಅವರೂ ಅವರ ಚಿಕ್ಕ ಸಮುದಾಯವೂ ಕಥೋಲಿಕ ಸಭೆಯನ್ನು ಸೇರಿದರು. ಆ ಪ್ರಾರ್ಥನೆ ಹಾಗೆಯೇ ಉಳಿದಿದ್ದರೆ ನಿಮ್ಮ ಹಿರಿಯರ ಮಾತು ಸರಿಯಾಗಿರುತ್ತಿತ್ತು.

ಹಾಗೆ ಉಳಿಯಲಿಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಕಥೋಲಿಕ ಗುರು ಪಾಲ್ ಕುಟೂರಿಯೆ ಆ ಪ್ರಾರ್ಥನೆಯ ದಿಕ್ಕನ್ನೇ ಬದಲಿಸಿದರು. ಯಾರು ಯಾರ ಬಳಿಗೆ ಬರಬೇಕು ಎಂದು ನಾವು ದೇವರಿಗೆ ಸೂಚನೆ ಕೊಡುವುದು ಬೇಡ. ಕ್ರಿಸ್ತನು ಬಯಸುವ ಐಕ್ಯ, ಕ್ರಿಸ್ತನು ಬಯಸುವ ದಾರಿಯಲ್ಲಿ ಬರಲಿ ಎಂದು ಎಲ್ಲರೂ ಕೇಳೋಣ ಎಂದರು. ಇದು ಚಿಕ್ಕ ಬದಲಾವಣೆಯಲ್ಲ. ಎದುರಿನವನು ತಿದ್ದಿಕೊಳ್ಳಲಿ ಎಂದು ಬೇಡುತ್ತಿದ್ದವರು ನನ್ನನ್ನೂ ತಿದ್ದು ಎಂದು ಬೇಡತೊಡಗಿದರು. 1964ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ, ಐಕ್ಯಕ್ಕಾಗಿ ಇತರ ಕ್ರೈಸ್ತರೊಡನೆ ಸೇರಿ ಪ್ರಾರ್ಥಿಸುವುದಕ್ಕೆ ಅಡ್ಡಿಯಿಲ್ಲ, ಅದು ಅಪೇಕ್ಷಣೀಯವೂ ಹೌದು ಎಂದು ತನ್ನವರಿಗೆ ತಿಳಿಸಿತು. 1968ರಿಂದ ಈ ವಾರದ ಪ್ರಾರ್ಥನೆಗಳನ್ನು ವ್ಯಾಟಿಕನ್ನೂ, ಸಿ.ಎಸ್.ಐ. ಕೂಡ ಸದಸ್ಯನಾಗಿರುವ ಸಭೆಗಳ ವಿಶ್ವ ಮಂಡಳಿಯೂ ಸೇರಿ ಸಿದ್ಧಪಡಿಸುತ್ತಿವೆ. ನೀವು ಅಲ್ಲಿ ಹೇಳಲಿರುವ ಪ್ರಾರ್ಥನೆಯಲ್ಲಿ ನಿಮ್ಮವರ ಕೈಯೂ ಇದೆ.

ಇನ್ನೊಂದು ಮಾತು. ಸಭೆಗಳು ನಿಜವಾಗಿ ಒಂದಾದದ್ದು ಹೇಗೆ ಎಂಬುದಕ್ಕೆ ಸಿ.ಎಸ್.ಐ.ಯವರಿಗಿಂತ ದೊಡ್ಡ ಸಾಕ್ಷಿ ಯಾರು? 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಆರಂಭವಾಯಿತು. ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಇಪ್ಪತ್ತೆಂಟು ವರ್ಷ ಬಹಿರಂಗವಾಗಿ ಚರ್ಚಿಸಿ, ಜಗಳವಾಡಿ, ಮತ ಹಾಕಿ ಆಂಗ್ಲಿಕನ್ನರು, ಮೆಥೊಡಿಸ್ಟರು ಮತ್ತು ಅದಕ್ಕೂ ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳವರು ಕೂಡಿದರು. ವಿಲೀನವೆಂಬುದು ಹಾಗೆ ನಡೆಯುತ್ತದೆ. ಜನವರಿಯ ಒಂದು ಸಂಜೆ ಬೆಂಚಿನ ಮೇಲೆ ಕುಳಿತವರನ್ನು ಅವರಿಗೆ ತಿಳಿಯದಂತೆ ಒಂದು ಸಭೆಯಿಂದ ಇನ್ನೊಂದಕ್ಕೆ ದಾಟಿಸಲು ಯಾರಿಂದಲೂ ಆಗದು. ‘ಅವರೆಲ್ಲರೂ ಒಂದಾಗಿರಲಿ’ ಎಂಬ, ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದ ಮಾತು ಸಿ.ಎಸ್.ಐ. ಲಾಂಛನದಲ್ಲೇ ಇದೆ. ಹಿರಿಯರಿಗೆ ಅದನ್ನೊಮ್ಮೆ ತೋರಿಸಿ.

ಆ ಸಂಜೆ ಪರಮಪ್ರಸಾದದ, ಅಂದರೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸದಲ್ಲಿ ಪಾಲುಗೊಳ್ಳುವ, ಪ್ರಶ್ನೆ ಏಳುವುದಿಲ್ಲ. ಅಲ್ಲಿರುವುದು ವಾಕ್ಯ, ಹಾಡು, ಪ್ರಾರ್ಥನೆ ಮಾತ್ರ. ಒಂದೇ ಮೇಜಿನಲ್ಲಿ ಪಾಲುಗೊಳ್ಳಲು ಇನ್ನೂ ಆಗದಿರುವುದು ನಿಜವಾದ ನೋವು. ಅದನ್ನು ಮುಚ್ಚಿಡುವುದೂ ಬೇಡ, ಅವಸರದಲ್ಲಿ ದಾಟುವುದೂ ಬೇಡ.

ಈಗ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಅದೇ. ಕೃತಜ್ಞತೆಗೆ ನಮ್ಮ ಸಭೆ ಸಾಲದೇ? ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರವನ್ನು ತೆರೆಯಿರಿ. ‘ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು’ ಎಂದು ಒಡೆದುಹೋಗಿದ್ದ ಸಭೆ ಅದು. ಪೌಲನ ಗದರಿಕೆ ಆರಂಭವಾಗುವುದು ಮೊದಲ ಅಧ್ಯಾಯದ ಹತ್ತನೆಯ ವಚನದಲ್ಲಿ. ನಾಲ್ಕನೆಯ ವಚನದಲ್ಲಿ ಏನಿದೆ? ಅದೇ ಜನರಿಗೆ ಸಿಕ್ಕಿರುವ ಕೃಪೆಗಾಗಿ ಆತನು ದೇವರಿಗೆ ಸ್ತೋತ್ರ ಸಲ್ಲಿಸುತ್ತಾನೆ. ಅವರು ಸರಿಹೋಗಲಿ, ಆಮೇಲೆ ನೋಡೋಣ ಎಂದು ಕಾಯಲಿಲ್ಲ. ನನಗೆ ಕೊಟ್ಟದ್ದಕ್ಕೆ ಸ್ತೋತ್ರ ಹೇಳುವುದು ಎಲ್ಲರಿಗೂ ಬರುತ್ತದೆ. ಪಕ್ಕದವನಿಗೆ ಕೊಟ್ಟದ್ದಕ್ಕೂ ಸ್ತೋತ್ರ ಹೇಳಬೇಕಾದರೆ ಅವನ ಬಳಿ ಹೋಗಿ ಕೂರಬೇಕಾಗುತ್ತದೆ.

ಸುಗ್ಗಿ ಹಬ್ಬಕ್ಕೆ ನೀವು ಬಾಳೆಗೊನೆ, ಕಾಫಿ, ಮೆಣಸು ತಂದು ಬಲಿಪೀಠದ ಮುಂದೆ ಇಡುತ್ತೀರಿ. ಸೆಪ್ಟೆಂಬರ್ 8ರಂದು ಕೊಂಕಣಿ ಕಥೋಲಿಕರು ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೆ ಒಯ್ಯುತ್ತಾರೆ. ಎರಡೂ ತೋಟಗಳಿಗೆ ಸುರಿದದ್ದು ಒಂದೇ ಮಳೆ.

2013ರಲ್ಲಿ ಈ ವಾರದ ಪ್ರಾರ್ಥನೆಗಳನ್ನು ರೂಪಿಸುವ ಕೆಲಸ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಗೆ ಬಂದಿತ್ತು. ಅವರು ಆರಿಸಿಕೊಂಡದ್ದು ಬೈಬಲಿನ ಪ್ರವಾದಿ ಮೀಕನ ಪ್ರಶ್ನೆ: ಯಾವ ಕಾಣಿಕೆ ಹಿಡಿದು ದೇವರ ಮುಂದೆ ಬರಲಿ? ಟಗರುಗಳೂ ಎಣ್ಣೆಯೂ ಬೇಡ. ನ್ಯಾಯ, ಕರುಣೆ, ದೀನ ನಡೆ ಸಾಕು ಎಂಬುದು ಅಲ್ಲಿರುವ ಉತ್ತರ. ದಲಿತ ಕ್ರೈಸ್ತರ ನೋವನ್ನು ಅವರು ಆ ಪ್ರಾರ್ಥನೆಗಳ ನಡುವಿಗೆ ತಂದರು. ಸಿದ್ಧಾಂತದ ಗೋಡೆಗೆ ಹೆದರುವ ನಾವು, ಒಂದೇ ಸಭೆಯೊಳಗೆ ಜಾತಿ ಎಬ್ಬಿಸಿದ ಗೋಡೆಗೆ ಒರಗಿ ಕುಳಿತಿರುತ್ತೇವೆ. ಇದರ ಬಗ್ಗೆ ನನಗೆ ಯಾರೂ ಪತ್ರ ಬರೆಯುವುದಿಲ್ಲ.

ನೀವು ಕೇಳದಿದ್ದರೂ ಅಲ್ಲಿಗೆ ಹೋದ ಮೇಲೆ ಎದುರಾಗುವ ಒಂದು ತೊಡಕನ್ನು ಹೇಳಿಬಿಡುತ್ತೇನೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಆರಂಭವಾದ ಕೂಡಲೇ ನೀವು ‘ಪರಲೋಕದಲ್ಲಿರುವ’ ಎನ್ನುತ್ತೀರಿ, ಅವರು ‘ಸ್ವರ್ಗದಲ್ಲಿರುವ’ ಎನ್ನುತ್ತಾರೆ. ನಿಮ್ಮದು ‘ನಿನ್ನ ನಾಮ’, ಅವರದು ‘ನಿಮ್ಮ ನಾಮ’. ದೇವರನ್ನು ಏಕವಚನದಲ್ಲಿ ಕರೆಯುವುದು ಅಗೌರವವಲ್ಲವೇ ಎಂದು ಅವರಿಗೆ ಅನಿಸಬಹುದು. ಬಹುವಚನ ದೂರವಾಯಿತು ಎಂದು ನಿಮಗೆ. ನಮ್ಮ ಅನೇಕ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಎನ್ನುತ್ತೇವೆ. ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಕಡಿಮೆ? ವಚನಕಾರರೂ ದಾಸರೂ ದೇವರನ್ನು ‘ನೀನು’ ಎಂದು ಕರೆದ ಭಾಷೆ ಇದು. ಹಿರಿಯರಿಗೆ ಕೈಮುಗಿದು ‘ತಾವು’ ಎನ್ನುವ ಭಾಷೆಯೂ ಇದೇ. ಕನ್ನಡ ನಮಗೆ ಎರಡನ್ನೂ ಕೊಟ್ಟಿದೆ, ಅದಕ್ಕೂ ಒಂದು ಸ್ತೋತ್ರ ಸಲ್ಲಬೇಕು.

ಕೊನೆಯಲ್ಲಿ ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ನೀವು ಮುಂದುವರಿಸುವಾಗ ಅವರು ನಿಂತುಬಿಡಬಹುದು. ತಪ್ಪು ತಿಳಿಯಬೇಡಿ. ಮತ್ತಾಯನ ಸುವಾರ್ತೆಯ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಆ ಸಾಲು ಇಲ್ಲ. ತಮ್ಮ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ ಗುರುಗಳ ಒಂದು ಕಿರುಪ್ರಾರ್ಥನೆಯ ನಂತರ ಅವರೂ ಅದನ್ನು ಹೇಳುತ್ತಾರೆ. ನಿಮಗೆ ರೂಢಿಯಾದ ಮಾತಿನಲ್ಲೇ ಪ್ರಾರ್ಥಿಸಿ, ಆದರೆ ಪಕ್ಕದವರ ದನಿ ಕೇಳುವಷ್ಟು ನಿಧಾನವಾಗಿ. ಕಾಫಿ ಕುಯ್ಲಿನ ದಿನಗಳು, ತೋಟದಿಂದ ಬರುವವರಿಗೆ ತಡವಾಗಬಹುದು. ಬೆಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟು ಕುಳಿತುಕೊಳ್ಳಿ.